ದಾರ ಪೋಣಿಸಿದ ಸೂಜಿ

ಅವರ ಎಡಭುಜದ ಸೆರಗಿನ ಮೇಲೆ ಯಾವಾಗಲೂ ಒಂದು ಸೂಜಿ ಚುಚ್ಚಿರುತ್ತಿತ್ತು. ಬರೀ ಸೂಜಿ ಅಲ್ಲ, ದಾರ ಪೋಣಿಸಿದ ಸೂಜಿ. ಗೇಣುದ್ದದ ದಾರ ಎದೆಯ ಮೇಲೆ ಇಳಿಬಿದ್ದಿರುತ್ತಿತ್ತು. ಹೊಲಿಯುವ ಬಟ್ಟೆಯ ಬಣ್ಣ ಬದಲಾದಂತೆ ಆ ದಾರದ ಬಣ್ಣವೂ ಬದಲಾಗುತ್ತಿತ್ತು. ದಾರ ತೀರಿದರೆ ಹೊಸ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು, ಸೂಜಿಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೇ ಸಲಕ್ಕೆ ಪೋಣಿಸಿಬಿಡುತ್ತಿದ್ದರು. ಎರಡನೇ ಸಲ ಪ್ರಯತ್ನಿಸಿದ್ದನ್ನು ನಾನು ನೋಡಿಲ್ಲ.

ಸಣ್ಣ ಸಣ್ಣದೂ ನನ್ನ ಕಣ್ಣಿಗೆ ಬೀಳುತ್ತದೆ ಎಂದು ನಮ್ಮ ಮನೆಯಲ್ಲಿ ಮಾತು. ಗೋಡೆಯ ಕ್ಯಾಲೆಂಡರ್ ಒಂದು ಬೆರಳು ವಾಲಿದ್ದರೂ ಊಟದ ನಡುವೆ ಎದ್ದು ಸರಿ ಮಾಡುವವಳು ನಾನು. ಆ ಸೂಜಿಯನ್ನೂ ಎರಡು ವರ್ಷ ನೋಡಿದೆ. ನೋಡಿ ಏನೂ ತಿಳಿದುಕೊಳ್ಳಲಿಲ್ಲ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ಮನೆಯ ಮುಂದಿನ ಕೋಣೆ ಅವರ ಅಂಗಡಿ. ಒಂದು ಕಾಲುಮಷಿನ್, ಬಟ್ಟೆ ಕತ್ತರಿಸುವ ಹಲಗೆ, ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗಿನ ಮಾಡದಲ್ಲಿ ಪುಸ್ತಕ. ಓಣಿಗೆಲ್ಲ ಅವರು ‘ಹೊಲಿಗಿ ಅಕ್ಕ’. ಬೆಳಿಗ್ಗೆ ತಮ್ಮ ಹಳ್ಳಿ ಕಳ್ಳಕವಟಗಿಯಿಂದ ಬಸ್ಸಿಗೆ ಬರುವುದು, ಹೊತ್ತು ಮುಳುಗುವ ಮೊದಲು ತಿಕೋಟಾ ಕಡೆಯ ಬಸ್ಸು ಹಿಡಿದು ಹೊರಡುವುದು. ಕಲಿತದ್ದು ಏಳನೇ ಇಯತ್ತೆ. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಆದರೂ ಅವರು ನನ್ನನ್ನು ‘ಅಕ್ಕಾರ’ ಅನ್ನುತ್ತಿದ್ದರು, ನಾನು ಅವರಿಗೆ ‘ನೀ’ ಅನ್ನುತ್ತಿದ್ದೆ. ಈಗ ಬರೆಯುವಾಗ ‘ಅವರು’ ಎಂದು ಬರೆಯುತ್ತಿದ್ದೇನೆ. ಪೆನ್ನಿಗೆ ಬಂದ ಬುದ್ಧಿ ಆಗ ಬಾಯಿಗೆ ಬರಲಿಲ್ಲ.

ಪುಸ್ತಕ ಅವರ ಕೈ ಸೇರಿದ್ದು ಕೆಲಸದ ದಾರಿಯಿಂದಲೇ. ಹೊಸ ಅಳತೆಯ ಕುಬಸ ಹೊಲಿಯುವ ಮೊದಲು ಅವರು ಕಾಗದದಲ್ಲಿ ಅದನ್ನು ಕತ್ತರಿಸಿ ನೋಡುತ್ತಿದ್ದರು. ಅದಕ್ಕೆ ರದ್ದಿ ಅಂಗಡಿಯಿಂದ ಹಳೆಯ ಪೇಪರಿನ ಕಟ್ಟು ತರುತ್ತಿದ್ದರು. ಆ ಕಟ್ಟಿನೊಳಗೆ ಒಮ್ಮೊಮ್ಮೆ ಕತೆ, ಕಾದಂಬರಿ ಬರುತ್ತಿದ್ದವು. “ಕತ್ರಿ ಇಡಾಕ ಮನಸ ಬರಲಿಲ್ರಿ. ತೋಳಿನ ಅಳತಿಗೆ ಹಿಡದೆ, ಹಿಡದಾಕಿ ಓದ್ಕೋತ ಕುಂತೆ. ಅವತ್ತ ಎರಡ ಕುಬಸ ಉಳದ್ವು,” ಎಂದು ನಗುತ್ತ ಹೇಳಿದ್ದರು. ಆಮೇಲೆ ಗ್ರಂಥಾಲಯದ ಕಾರ್ಡೂ ಮಾಡಿಸಿದರು. ಬಟ್ಟೆ ಹೊಲಿಸಲು ಬರುವ ಒಬ್ಬ ಕಾಲೇಜು ಮೇಡಮ್ಮು ಈಗಿನವರ ಕತೆಗಳನ್ನು ತಂದುಕೊಡುತ್ತಿದ್ದರು. ಹಳೆಯದು, ಹೊಸದು ಎಂಬ ಭೇದ ಅವರಿಗಿರಲಿಲ್ಲ. ಆರಿಸುವುದಕ್ಕೆ ಅವರದೇ ಒಂದು ರೀತಿಯಿತ್ತು.

“ಅರಿವಿ ತಿರುವಿ ನೋಡಬೇಕ್ರಿ ಅಕ್ಕಾರ. ಮ್ಯಾಲಿನ ಮಾರಿ ಎಲ್ಲಾರೂ ಚಂದ ಮಾಡ್ತಾರ. ಪುಸ್ತಕಾನೂ ನಟ್ಟನಡುವ ತಗದು ಎರಡ ಪಾನ ಓದ್ರಿ. ಅಲ್ಲಿ ಮಂದಿ ಮಾತಾಡಾಕತ್ತಿದ್ರ ಮನೀಗಿ ಒಯ್ರಿ. ಬರದಾಂವ ಒಬ್ಬನ ಮಾತಾಡಾಕತ್ತಿದ್ರ ಅಲ್ಲೇ ಇಡ್ರಿ.”

ಇನ್ನೊಂದು ರೂಢಿ. ಓದಲು ಪುಸ್ತಕ ಒಯ್ಯುವ ಗಿರಾಕಿಗೆ, ಅವಳದೇ ಕುಬಸದ ಬಟ್ಟೆಯಲ್ಲಿ ಉಳಿದ ಬೆರಳಗಲದ ಪಟ್ಟಿಯನ್ನು ಗುರುತಿಗೆಂದು ಪುಟದ ನಡುವೆ ಇಟ್ಟುಕೊಡುತ್ತಿದ್ದರು. ಪುಸ್ತಕ ಮರಳಿದ ಮೇಲೂ ಪಟ್ಟಿ ಅದರಲ್ಲೇ ಇರಬೇಕು. ಹಾಗಾಗಿ ಒಂದೊಂದು ಪುಸ್ತಕದಲ್ಲಿ ನಾಲ್ಕಾರು ಬಣ್ಣದ ಬಾಲ. “ಈ ಗುಲಾಬಿ ಪಟ್ಟಿ ಶಿಕ್ಷಕರ ಹೆಂಡ್ತಿದು, ಮೂವತ್ತನೇ ಪಾನಕ್ಕ ನಿಂತಾಳ. ಈ ಕರೇದು ನರ್ಸಬಾಯಾರ್ದು, ಕಡೀತನಾ ಹೋಗ್ಯಾರ,” ಎಂದು ತೋರಿಸುತ್ತಿದ್ದರು.

ನಾನು ಮೊದಲ ಸಲ ಆ ಮಾಡದತ್ತ ನೋಡಿದ್ದು ಕುಬಸಕ್ಕೆ ಹುಕ್ಕು ಹಚ್ಚುವ ತನಕ ಕಾಯುತ್ತ ಕುಳಿತಾಗ.

“ಇವೆಲ್ಲ ನೀ ಓದ್ತೀಯೇನು?” ಎಂದೆ. ಆ ‘ನೀ’ಯಲ್ಲಿ ಎಷ್ಟು ಬೆರಗಿತ್ತೆಂದು ನನಗೆ ಈಗಲೂ ಕೇಳಿಸುತ್ತದೆ.

“ಓದ್ತೇನ್ರಿ. ನೀವು?”

“ನಾ ಕಾನ್ವೆಂಟದಾಕಿ. ಇಂಗ್ಲಿಷ್ ಭಾಳ ಓದೇನಿ.”

ಅದು ಸುಳ್ಳಲ್ಲ. ಕನ್ನಡ ನನಗೆ ಸಾಲೆಯಲ್ಲಿ ಪಾಸಾಗಲು ಇದ್ದ ವಿಷಯ. ಮನೆಯಲ್ಲಿ ಆಡಿದ್ದು ಕನ್ನಡ, ಬೈಸಿಕೊಂಡದ್ದು ಕನ್ನಡದಲ್ಲಿ, ಆದರೆ ಅಂಗಡಿಯ ಬೋರ್ಡು, ಲಗ್ನಪತ್ರಿಕೆ ಬಿಟ್ಟರೆ ಅದನ್ನು ಓದಿದವಳಲ್ಲ. ಒತ್ತಕ್ಷರ ಬಂದಲ್ಲಿ ನಾಲಿಗೆ ಕಲ್ಲು ಎಡವಿದಂತೆ ಎಡವುತ್ತಿತ್ತು. ಇದು ನನ್ನ ಗಂಡನಿಗೂ ಗೊತ್ತಿರಲಿಲ್ಲ.

“ಇದನ್ನ ಒಯ್ರಿ,” ಎಂದು ಒಂದು ಕಾದಂಬರಿ ಕೊಟ್ಟರು, ನನ್ನ ಹಳದಿ ಕುಬಸದ ಪಟ್ಟಿ ಇಟ್ಟು. ಬೇಡ ಅನ್ನಲು ಸೊಕ್ಕು ಬಿಡಲಿಲ್ಲ. ಹದಿನೈದು ದಿನ ಟಿ.ವಿ. ಮೇಲಿಟ್ಟೆ. ಎಂಟನೇ ಪುಟದ ಮುಂದೆ ಹೋಗಲಿಲ್ಲ. ವಾಪಸು ಕೊಡುವ ದಿನ ಹಳದಿ ಪಟ್ಟಿಯನ್ನು ಎಳೆದು ಕೊನೆಯ ಪುಟಕ್ಕೆ ಇಟ್ಟೆ.

“ಮುಗೀತ್ರಿ?”

“ಮುಗೀತು. ಛಲೋ ಅದ.”

ಅವರು ಬಾಯಲ್ಲಿ ಕಚ್ಚಿದ್ದ ಟಾಚಣಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದರು. “ಹೌದಲ್ರಿ, ಆ ಮುದುಕಿ ಕಡೀಕ ಮನೀ ಬಿಟ್ಟ ಹೋದ್ಲೋ, ಅಲ್ಲೇ ಉಳದ್ಲೋ? ನನಗ ನೆನಪಾಗವಲ್ದು.”

“ಹೋದ್ಲು ಪಾಪ,” ಎಂದೆ.

“ಹೌದಲ್ರೀ,” ಎಂದರು. ನಗಲಿಲ್ಲ. ಮಷಿನ್ ತುಳಿಯತೊಡಗಿದರು.

ಮುಂದಿನ ವಾರ ಹೋದಾಗ ಅವರು ಧ್ವನಿ ತಗ್ಗಿಸಿ ಕೇಳಿದರು: “ಅಕ್ಕಾರ, ಒಂದ ಮಾತ ಕೇಳಲ್ರಿ? ಈಗೀಗ ನನ್ನ ಕಣ್ಣು ಅಕ್ಷರಕ್ಕ ಒಗ್ಗವಲ್ವು. ಮಂಜ ಮಂಜ. ಮಧ್ಯಾಹ್ನ ಮೂರಕ್ಕ ಗಿರಾಕಿ ಇರಂಗಿಲ್ಲ. ನೀವು ಕಲತಾವ್ರು. ಒಂದ ತಾಸ ಬಂದು ಓದಿ ಹೇಳಿದ್ರ ನಾ ಕಾಜಾ ಹಾಕ್ಕೋತ ಕೇಳ್ತೇನ್ರಿ.”

ನನಗೆ ಎಷ್ಟು ಹಿಗ್ಗಾಯಿತು ಅಂದರೆ, ಒತ್ತಕ್ಷರದ ಅಂಜಿಕೆಯೂ ಮರೆತುಹೋಯಿತು. ನಾನೊಬ್ಬಳು ಕಲಿತವಳು, ಕಣ್ಣು ಮಂಜಾದ ಒಬ್ಬ ಹೆಣ್ಣುಮಗಳಿಗೆ ನೆರವಾಗುತ್ತಿದ್ದೇನೆ. ಅವರು ಆ ಮಾತು ಮುಗಿಸಿ, ಗುಂಡಿಯ ತೂತಿಗೆ ಕಾಜಾ ಹಾಕಲೆಂದು ಕೂದಲಿನಂಥ ರೇಶಿಮೆ ದಾರವನ್ನು ಸೂಜಿಗೆ ಪೋಣಿಸಿದರು. ಒಂದೇ ಸಲಕ್ಕೆ. ನಾನು ಎದುರಿಗೇ ಕುಳಿತಿದ್ದೆ.

ಹೀಗೆ ಓದು ಶುರುವಾಯಿತು. ಮೊದಲು ಓದಿದ್ದು ಅದೇ, ನಾನು ‘ಮುಗಿಸಿದ್ದ’ ಕಾದಂಬರಿ. ಇನ್ನೂರು ಪುಟ, ಒಂದು ತಿಂಗಳು. ಕೊನೆಯ ಪುಟ ಮುಟ್ಟಿದಾಗ ಕಿವಿ ಬಿಸಿಯಾದವು. ಅದರಲ್ಲಿ ಮುದುಕಿಯೇ ಇರಲಿಲ್ಲ. ತಲೆಯೆತ್ತಿ ನೋಡಿದೆ. ಅವರು ಕಾಜಾದ ಮೇಲೆ ಬಗ್ಗಿದ್ದರು. ಬೇರೆ ಯಾವುದೋ ಪುಸ್ತಕದ ಮುದುಕಿ ಇರಬೇಕು, ಮರೆತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬೇಕಾದದ್ದನ್ನು ನಂಬುವುದು ನನಗೆ ಯಾವಾಗಲೂ ಸುಲಭ.

ನಾನು ಎಡವಿದಾಗ ಅವರು ತಿದ್ದುತ್ತಿರಲಿಲ್ಲ. “ಇನ್ನೊಮ್ಮೆ ಹೇಳ್ರಿ ಅಕ್ಕಾರ, ಮಷಿನ್ ಸಪ್ಪಳದಾಗ ಕೇಳಲಿಲ್ಲ,” ಅನ್ನುತ್ತಿದ್ದರು. ಮತ್ತೆ ಓದುತ್ತಿದ್ದೆ. ಎರಡನೇ ಸಲ ಸರಿ ಬರುತ್ತಿತ್ತು. ಮಷಿನ್ ನಿಂತಿದ್ದಾಗಲೂ ಎಷ್ಟೋ ಸಲ ಹಾಗೆಂದಿದ್ದಾರೆ.

ಕೇಳುವವರು ಇನ್ನೊಬ್ಬರಿದ್ದರು. ಪಕ್ಕದ ಮನೆಯ ಆಯಿ. ಎಂಬತ್ತು ದಾಟಿದ ಜೀವ, ಕಿವಿ ಮಂದ, ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮೊರದಲ್ಲಿ ಜೋಳ ಹಸನು ಮಾಡುತ್ತ ಹೊಸ್ತಿಲ ಮೇಲೆ ಕೂರುವಳು.

“ಏನ ಬೇ, ಮಧ್ಯಾಹ್ನದಾಗ ಪುರಾಣ ಹಚ್ಚೀರಿ?”

“ಪುರಾಣ ಅಲ್ಲ ಆಯಿ, ಕಾದಂಬರಿ.”

“ಯಾವುದರ ಇರಲಿ, ಗಟ್ಟಿ ಓದು. ಆ ಭಾಡ್ಯಾ ಗಂಡ ಇನ್ನೂ ಮನೀಗಿ ಬಂದಾನೋ ಇಲ್ಲೋ?”

ಯಾವ ಪಾತ್ರ ತಪ್ಪು ಮಾಡಿದರೂ ಆಯಿ ಜೋಳದ ಕಲ್ಲು ಆರಿಸಿ ಬೀದಿಗೆ ಎಸೆದು ಬೈಯುತ್ತಿದ್ದಳು. ಹೊಲಿಗಿ ಅಕ್ಕ ಮಾತ್ರ ಯಾರನ್ನೂ ಬೈಯುತ್ತಿರಲಿಲ್ಲ. “ಆಕಿ ಜಾಗಾದಾಗ ಕುಂತ ನೋಡ ಆಯಿ. ಬಾಯಿ ಬಿಟ್ಟ ಹೇಳಾಕ ಆಗದ್ದು ಭಾಳ ಇರ್ತಾವ,” ಅನ್ನುತ್ತಿದ್ದರು.

ಎರಡು ವರ್ಷದಲ್ಲಿ ಹದಿನಾರೋ ಹದಿನೇಳೋ ಪುಸ್ತಕ. ನಾನು ಅಡುಗೆಮನೆಯಲ್ಲಿ ಕುಕ್ಕರ್ ಸೀಟಿಯ ನಡುವೆಯೂ ಓದತೊಡಗಿದೆ. ವಾಟ್ಸಾಪಿನಲ್ಲಿ ಓದಿದ ಪುಸ್ತಕಗಳ ಬಗ್ಗೆ ನಾಲ್ಕು ಸಾಲು ಕನ್ನಡದಲ್ಲೇ ಬರೆದು ಹಾಕತೊಡಗಿದೆ. ಕೊನೆಗೆ ಹಿಡಿದದ್ದು ಒಂದು ಹಳೆಯ ಕಾದಂಬರಿ. ರದ್ದಿಯಲ್ಲಿ ಬಂದದ್ದು. ರಟ್ಟು ಹೋಗಿತ್ತು, ಮೊದಲ ನಾಲ್ಕು ಹಾಳೆಯೂ ಹೋಗಿದ್ದವು, ಹೆಸರು ಏನೆಂದು ನಮಗೆ ತಿಳಿಯಲೇ ಇಲ್ಲ. ಮೂವತ್ತು ವರ್ಷ ಮಾತು ಬಿಟ್ಟ ಅಣ್ಣನ ಮನೆಗೆ ಒಬ್ಬ ಹೆಣ್ಣುಮಗಳು ನಡೆದುಹೋಗುವ ಕತೆ. ಇಡೀ ಪುಸ್ತಕ ಆ ಒಂದು ದಾರಿ. ಅವಳು ಅಣ್ಣನ ಮನೆಯ ಬಾಗಿಲ ಮುಂದೆ ನಿಂತು ಚಿಲಕಕ್ಕೆ ಕೈ ಚಾಚಿದಲ್ಲಿಗೆ ಒಂದು ಶುಕ್ರವಾರ ನಿಲ್ಲಿಸಿದೆವು. ನನ್ನ ನೇರಳೆ ಪಟ್ಟಿ ಅಲ್ಲಿ ಇಟ್ಟೆ. ಇನ್ನೂ ನಲವತ್ತು ಪುಟ ಇದ್ದವು.

ಮರುದಿನ ಶನಿವಾರ ನಮ್ಮ ಮಹಿಳಾ ಮಂಡಳದ ಕಾರ್ಯಕ್ರಮ. ಸೊಲ್ಲಾಪುರ ರಸ್ತೆಯಲ್ಲಿ ನಮ್ಮ ಮನೆಯವರ ಮೋಟರ್ ರಿಪೇರಿ ಅಂಗಡಿಯ ಎದುರಿನ ಕಟ್ಟಡದ ಮೇಲಿನ ಸಭಾಂಗಣ. ‘ಗೃಹಿಣಿ ಮತ್ತು ಓದು’ ಎಂದು ನನಗೆ ಮಾತಾಡಲು ಹೇಳಿದ್ದರು. ವಾಟ್ಸಾಪಿನ ಆ ನಾಲ್ಕು ಸಾಲುಗಳ ಕೀರ್ತಿ.

ಅಲ್ಲಿ ನಾನು ಆಡಿದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. “ಓದಿನ ರೂಢಿ ನನಗೆ ಕಾನ್ವೆಂಟಿನಲ್ಲೇ ಬಂತು,” ಎಂದೆ. “ಪುಸ್ತಕ ಆರಿಸುವಾಗ ನಾನು ನಟ್ಟನಡುವೆ ತೆರೆದು ಎರಡು ಪುಟ ಓದುತ್ತೇನೆ. ಅಲ್ಲಿ ಜನ ಮಾತಾಡುತ್ತಿದ್ದರೆ ತೆಗೆದುಕೊಳ್ಳುತ್ತೇನೆ, ಬರೆದವರೊಬ್ಬರೇ ಮಾತಾಡುತ್ತಿದ್ದರೆ ಅಲ್ಲೇ ಇಡುತ್ತೇನೆ,” ಎಂದೆ. ಎಲ್ಲರೂ ‘ಆಹಾ’ ಎಂದರು. ಆ ‘ಆಹಾ’ ತಲೆಗೇರಿತು. “ನಾವು ಕಲಿತವರು ನಮ್ಮಷ್ಟಕ್ಕೆ ಓದಿದರೆ ಸಾಲದು. ಕಣ್ಣು ಕಾಣದ ಒಬ್ಬ ಬಡ ಟೇಲರಳಿಗೆ ಎರಡು ವರ್ಷದಿಂದ ನಾನು ಓದಿ ಹೇಳುತ್ತಿದ್ದೇನೆ. ಪಾಪ, ಅವಳಿಗೆ ಸಾಹಿತ್ಯ ಅಂದರೇನು ಅಂತ ಈಗ ತಿಳಿದಿದೆ,” ಎಂದೆ.

ಚಪ್ಪಾಳೆ ಬಿತ್ತು. ಆ ಚಪ್ಪಾಳೆಯಲ್ಲಿ ಬಾಗಿಲ ಕಡೆ ನೋಡಿದೆ. ಬಗಲಲ್ಲಿ ಬಟ್ಟೆಯ ಗಂಟು ಹಿಡಿದು ಹೊಲಿಗಿ ಅಕ್ಕ ನಿಂತಿದ್ದರು. ಅಧ್ಯಕ್ಷರ ಮಗಳ ಲಂಗ ಕೊಡಲು ಬಂದಿದ್ದರಂತೆ. ಗಂಟು ಬಗಲಲ್ಲಿ ಒತ್ತಿ ಹಿಡಿದು ಅವರೂ ಚಪ್ಪಾಳೆ ತಟ್ಟುತ್ತಿದ್ದರು.

ಅಧ್ಯಕ್ಷರು ಚುರುಕು. “ಈಕೀನ ಏನ್ರಿ, ನೀವು ಓದಿ ಹೇಳೂ ಟೇಲರ್?”

ಸಭೆಯ ಎಲ್ಲ ತಲೆಗಳು ಹಿಂದೆ ತಿರುಗಿದವು. ನಾನು “ಹೂಂ” ಎಂದೆ.

“ಭಾಗ್ಯವಂತಿ ಇದ್ದಿ ಬಿಡವಾ ನೀ,” ಎಂದರು ಅಧ್ಯಕ್ಷರು ಹೊಲಿಗಿ ಅಕ್ಕನಿಗೆ.

“ಹೌದ್ರಿ ಬಾಯಾರ. ಅಕ್ಕಾರು ಓದಿದ್ರ ಕೇಳ್ಕೋತ ಕುಂಡ್ರಬೇಕ್ರಿ. ನನಗೆಲ್ಲಿ ಅಕ್ಷರ ಕಾಣ್ತಾವ,” ಎಂದರು ಅವರು. ಸಲೀಸಾಗಿ, ನಗುತ್ತ.

ಅಷ್ಟರಲ್ಲಿ ಅಧ್ಯಕ್ಷರು ನನಗೆ ಹಾರ ಹಾಕಲು ಕೈಯೆತ್ತಿದರು. ಅವರ ಹಸಿರು ಕುಬಸದ ತೋಳಿನ ಹೊಲಿಗೆ ಟರ್ರನೆ ಬಿಚ್ಚಿತು. ಸಭೆಯೆಲ್ಲ ನಗೆ. “ಬಾ ಬಾ, ಲಗೂನ ಒಂದ ಟಾಕಾ ಹಾಕು,” ಎಂದು ಕರೆದರು. ಮೈಮೇಲಿನ ಅರಿವೆ ಹೊಲಿಯಬಾರದೆಂದು ನಮ್ಮ ಕಡೆ ನಂಬಿಕೆ. ಹೊಲಿಯಲೇಬೇಕಾದರೆ ತೊಟ್ಟವರು ಒಂದೆಳೆ ದಾರವನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಕು, ಮಾತಾಡಬಾರದು. ಹೊಲಿಗಿ ಅಕ್ಕ ಭುಜದ ಸೂಜಿ ತೆಗೆದರು. ಅದರಲ್ಲಿದ್ದದ್ದು ಬಿಳಿ ದಾರ. ಅದನ್ನೇ ಎಳೆದು “ಕಚ್ಚಿ ಹಿಡೀರಿ ಬಾಯಾರ” ಎಂದು ಅಧ್ಯಕ್ಷರ ಬಾಯಿಗೆ ಕೊಟ್ಟರು. ಗಂಟಿನಿಂದ ಹಸಿರು ರೀಲು ತೆಗೆದರು. ಆಗ ಕರೆಂಟ್ ಇರಲಿಲ್ಲ, ಕಿಟಕಿಗಳಿಗೆ ಪರದೆ ಎಳೆದಿತ್ತು. ತುದಿಯನ್ನು ತುಟಿಗೆ ತಾಗಿಸಿದರು, ಹೊಸೆದರು, ಪೋಣಿಸಿದರು. ಒಂದೇ ಸಲಕ್ಕೆ.

ಆಗ ನನಗೆ ಕಂಡಿತು.

ಎರಡು ವರ್ಷ ಕಂಡದ್ದೆಲ್ಲ ಒಟ್ಟಿಗೆ ಕಂಡಿತು. ಮುದುಕಿ ಇಲ್ಲದ ಕಾದಂಬರಿ, ನಿಂತ ಮಷಿನ್ನಿನ ಸಪ್ಪಳ, ಕೂದಲಿನಂಥ ರೇಶಿಮೆ ದಾರ. ಕಣ್ಣು ಮಂಜಾದದ್ದು ಅವರದಲ್ಲ. ನನ್ನ ಹಳದಿ ಪಟ್ಟಿಯ ಸುಳ್ಳನ್ನು ನೋಡಿ, ಕನ್ನಡ ಓದಲು ಬಾರದ ಕಾನ್ವೆಂಟಿನ ಅಕ್ಕಾರಿಗೆ ನಾಚಿಕೆಯಾಗದ ಹಾಗೆ ಓದು ಕಲಿಸುವುದಕ್ಕೆ ಅವರು ತಮ್ಮ ಕಣ್ಣನ್ನೇ ಕುರುಡು ಮಾಡಿಕೊಂಡಿದ್ದರು. ಅಂಥವರನ್ನು ನಾನು ಇಷ್ಟು ಜನರ ಮುಂದೆ ‘ಪಾಪ’ ಅಂದಿದ್ದೆ.

ಅವರು ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಭುಜಕ್ಕೆ ಚುಚ್ಚಿಕೊಂಡರು. ಉಳಿದ ಹಸಿರು ದಾರ ಎದೆಯ ಮೇಲೆ ಇಳಿಬಿತ್ತು. ಹೊರಡುವಾಗ ನನ್ನತ್ತ ತಿರುಗಿ, “ಸೋಮವಾರ ಬರ್ತೀರಲ್ರಿ ಅಕ್ಕಾರ? ಆಕಿ ಚಿಲಕ ಹಿಡಕೊಂಡ ನಿಂತಾಳ,” ಎಂದರು.

ನಾನು ಹೋಗಲಿಲ್ಲ. ಸೋಮವಾರ ಜ್ವರ ಎಂದುಕೊಂಡೆ. ಮುಂದಿನ ವಾರ ನೆಂಟರು. ಆಮೇಲೆ ನೆಪವೂ ಬೇಕಾಗಲಿಲ್ಲ. ಗುಡಿಗೆ ಹೋಗುವಾಗ ಆ ಓಣಿ ತಪ್ಪಿಸಿ ಸುತ್ತು ಹಾಕಿದೆ. ಕುಬಸಗಳನ್ನು ಬೇರೆ ಕಡೆ ಹೊಲಿಸಿದೆ. ಬಗಲು ಬಿಗಿಯಾದರೂ ಸುಮ್ಮನೆ ತೊಟ್ಟುಕೊಂಡೆ. ಕ್ಷಮೆ ಕೇಳಬೇಕೆಂದು ದಿನಾ ಅನ್ನಿಸುತ್ತಿತ್ತು. ಕೇಳಿದರೆ ‘ನನಗೆ ಓದಲು ಬರುತ್ತಿರಲಿಲ್ಲ’ ಎಂದೂ ಒಪ್ಪಬೇಕಲ್ಲ.

ಒಂದು ದಿನ ಮಾರ್ಕೆಟ್ಟಿನಲ್ಲಿ ಆಯಿ ಸಿಕ್ಕಳು. ಕೈ ಹಿಡಿದು ನಿಲ್ಲಿಸಿದಳು.

“ಯಾಕ ಬೇ, ಹಾದೀನ ಬಿಟ್ಟೀಯಲ್ಲ? ಆ ಹುಡುಗಿ ಅಣ್ಣನ ಮನೀ ಒಳಗ ಹೋದ್ಲೋ ಇಲ್ಲೋ? ಆರ ತಿಂಗಳಾತು, ಬಾಗಲದಾಗ ನಿಲ್ಲಿಸೀರಿ ಆಕೀನ.”

“ಹೊಲಿಗಿ ಅಕ್ಕನ್ನ ಕೇಳ ಆಯಿ. ಆಕಿಗಿ ಗೊತ್ತದ.”

“ಕೇಳೇನಿ. ‘ಅಕ್ಕಾರು ಬಂದ ಓದ್ಲಿ ತಡಿ’ ಅಂತಾಳ. ದಿನಾ ಮೂರಕ್ಕ ಮಷಿನ್ ನಿಲ್ಲಿಸಿ ಬಾಗಲಾ ನೋಡ್ತಾಳ. ಹುಚ್ಚ ಖೋಡಿ.”

“ಬರೂ ವಾರ ಬರ್ತೇನಿ,” ಎಂದೆ. ಅಂದು ಕೊಂಡದ್ದು ಹೀರೆಕಾಯಿ, ಎರಡು ಸಿವುಡು ಮೆಂತೆಪಲ್ಲೆ. ಅದೂ ನೆನಪಿದೆ.

ಆ ವಾರ ಬಂತು, ಹೋಯಿತು. ಮತ್ತೆ ಎರಡು ತಿಂಗಳಿಗೆ ಆಯಿ ನಮ್ಮ ಮನೆಯನ್ನೇ ಹುಡುಕಿಕೊಂಡು ಬಂದಳು. ಮೆಟ್ಟಿಲ ಮೇಲೆ ಕುಳಿತು ಕಣ್ಣೊರೆಸಿಕೊಂಡು ಹೇಳಿದಳು: “ಹೋದ್ಲ ಬೇ ಹೊಲಿಗ್ಯಾಕಿ. ನಿನ್ನಿ ಹೊತ್ತ ಮೂಡೂದ್ರಾಗ ಎದಿ ಹಿಡಕೊಂಡ ಕುಂತ್ಲಂತ, ಏಳಲಿಲ್ಲ. ಕತಿ ಅರ್ಧಾಕ್ಕ ಬಿಟ್ಟ ಹೋದ್ಲು.”

ಮೂರನೇ ದಿನ ಕಳ್ಳಕವಟಗಿಗೆ ಹೋದೆ. ತಿಕೋಟಾದಲ್ಲಿ ಬಸ್ಸು ಬದಲಿಸಿದೆ. ಅವರು ದಿನಾ ಬರುತ್ತಿದ್ದ ದಾರಿ ಇಷ್ಟು ದೂರವೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಮಗಳಿದ್ದಳು, ಮೊಮ್ಮಗಳಿದ್ದಳು. ಎರಡನೇ ಇಯತ್ತೆ ಇರಬೇಕು ಆ ಹುಡುಗಿ.

ಮಗಳು ಚಾಪೆ ಹಾಸಿದಳು. “ನೀವು ಅವ್ವಗ ಓದಿ ಹೇಳ್ತಿದ್ದ ಅಕ್ಕಾರಲ್ರಿ? ಅವ್ವ ಭಾಳ ಹೇಳ್ತಿದ್ಲು ನಿಮ್ಮ ಬಗ್ಗೆ.”

ಹೇಳುವುದಕ್ಕೆಂದೇ ಹೋಗಿದ್ದೆ. ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಅದೇ “ಹೂಂ”.

ಮೊಮ್ಮಗಳು ಕಂಬಕ್ಕೆ ಜೋತು ನಿಂತಿದ್ದಳು. “ಸುಳ್ಳ! ನಮ್ಮಾಯಿ ತಾನ ಓದ್ತಿದ್ಲು. ದಿನಾ ಇರಿವಿಯಷ್ಟ ಸಣ್ಣ ಅಕ್ಷರದ ಪೇಪರ ಓದಿ ನನಗ ಹೇಳ್ತಿದ್ಲು. ಚಾಳೀಸನೂ ಇರಲಿಲ್ಲ.”

“ಸುಮ್ಮ ಇರ ಬೇ ನೀ! ದೊಡ್ಡಾವ್ರ ಮಾತಾಡೂಮುಂದ,” ಎಂದು ಮಗಳು ಗದರಿದಳು. ಗದರಿ ನನ್ನತ್ತ ನೋಡಲಿಲ್ಲ, ನೆಲ ನೋಡಿದಳು. ನಾಚಿಕೊಂಡವಳು ನಾನಲ್ಲ, ಅವಳು. ನನ್ನ ಸಲುವಾಗಿ.

ಆ ಮನೆಗೆಲ್ಲ ಗೊತ್ತಿತ್ತು. ಅವ್ವ ಆಡಿದ ಮಾತು ಅವ್ವ ಹೋದ ಮೇಲೂ ಉಳಿಯಲಿ ಎಂದು ಮಗಳು ಅದನ್ನು ಕಾಪಾಡುತ್ತಿದ್ದಳು. ಒಬ್ಬರು ಸತ್ತ ಮನೆಯಲ್ಲಿ, ಮೂರನೇ ದಿನ, ನನ್ನ ಮರ್ಯಾದೆ ಉಳಿಸುವ ಕೆಲಸ ನಡೆದಿತ್ತು.

ಏಳುವಾಗ ಮಗಳು ರಟ್ಟಿಲ್ಲದ ಆ ಪುಸ್ತಕ ತಂದುಕೊಟ್ಟಳು. ನೇರಳೆ ಪಟ್ಟಿ ಇಟ್ಟಲ್ಲೇ ಇತ್ತು. ಎದುರು ನಿಂತ ಆ ಹುಡುಗಿಗೆ ‘ನೀನು ಹೇಳಿದ್ದೇ ಖರೆ’ ಎಂದು ಹೇಳುವಷ್ಟೂ ನನ್ನಿಂದ ಆಗಲಿಲ್ಲ.

ಮಂಡಳದಲ್ಲಿ ಆಮೇಲೆ ಎದ್ದು ನಿಂತು ಹೇಳಿದೆ. ಹಳದಿ ಪಟ್ಟಿಯಿಂದಲೇ ಶುರು ಮಾಡಿದೆ. ಎಲ್ಲ ಕೇಳಿ ಅಧ್ಯಕ್ಷರು, “ಅಯ್ಯ, ಇಷ್ಟ ಏನ್ರಿ? ನಾ ಏನೋ ಅಂದ್ಕೊಂಡಿದ್ದೆ. ಬರ್ರಿ, ಉಪ್ಪಿಟ್ಟ ಆರಾಕತ್ತೈತಿ,” ಎಂದರು. ಅವರದೇನೂ ತಪ್ಪಿಲ್ಲ. ಹೇಳಬೇಕಾದವರಿಗೆ ಹೇಳಬೇಕಾದ ಹೊತ್ತಿಗೆ ಹೇಳದಿದ್ದರೆ, ಉಳಿದವರಿಗೆ ಅದು ಇಷ್ಟೇ. ಕಳ್ಳಕವಟಗಿಗೆ ಈ ಬರಹ ಕಳಿಸುತ್ತೇನೆ. ಆ ಹುಡುಗಿಗೆ ಓದಲು ಬರುತ್ತದೆ, ಅವಳಾಯಿ ಕಲಿಸಿದ್ದಾರೆ.

ಈಗ ಮಧ್ಯಾಹ್ನ ಮೂರಕ್ಕೆ ಆ ಓಣಿಗೆ ಹೋಗುತ್ತೇನೆ. ಹೊಲಿಗಿ ಅಕ್ಕನ ಅಂಗಡಿಗೆ ಬೀಗ. ಆಯಿಯ ಕಟ್ಟೆಯ ಮೇಲೆ ಕುಳಿತು ಆ ನಲವತ್ತು ಪುಟಗಳನ್ನು ದಿನಕ್ಕೆರಡರಂತೆ ಗಟ್ಟಿಯಾಗಿ ಓದುತ್ತಿದ್ದೇನೆ. ಕತೆಯ ಆ ಹೆಣ್ಣುಮಗಳು ಬಾಗಿಲು ತೆರೆದಿದ್ದಾಳೆ, ಅಣ್ಣ ಇನ್ನೂ ಮಾತಾಡಿಲ್ಲ. ಒಮ್ಮೊಮ್ಮೆ ಒಂದು ಒತ್ತಕ್ಷರ ಇವತ್ತಿಗೂ ನಾಲಿಗೆಗೆ ತೊಡರುತ್ತದೆ.

“ಏನಂದಿ? ಇನ್ನೊಮ್ಮೆ ಹೇಳ ಬೇ, ಕೇಳಲಿಲ್ಲ,” ಎನ್ನುತ್ತಾಳೆ ಆಯಿ, ಮೊರ ನಿಲ್ಲಿಸಿ. ಅವಳಿಗೆ ಖರೇನೇ ಕೇಳುವುದಿಲ್ಲ.

ನಾನು ಇನ್ನೊಮ್ಮೆ ಓದುತ್ತೇನೆ.